ಕ, ಖ, ಗ, ಘ ಲೆಕ್ಕ: ಅಂಗನವಾಡಿ ಕಾರ್ಯಕರ್ತೆಯರಿಗೆ ಒಂದು ದಿನದ ತರಬೇತಿ

ಕೇಳುಗರಿಗೆ ನಮಸ್ಕಾರ. ಮೊದಲು ಒಂದು ಲೆಕ್ಕ. ಕ ಅಂದರೆ ಒಂದು, ಖ ಅಂದರೆ ಎರಡು, ಗ ಮೂರು, ಘ ನಾಲ್ಕು. ಹೀಗೆ ಙ, ಚ, ಛ, ಜ, ಝ, ಞ ಅಂತ ಹತ್ತರ ತನಕ. ಈಗ ಹೇಳಿ, ಗ ಮತ್ತು ಘ ಕೂಡಿದರೆ ಎಷ್ಟು? ಏಳು ಅನ್ನುವ ಹಾಗಿಲ್ಲ, ಅಕ್ಷರದಲ್ಲೇ ಹೇಳಬೇಕು. ಸರಿ, ಝದಿಂದ ಚ ಕಳೆದರೆ?

ಬೆರಳು ಮಡಿಸಿದಿರಾ? ಮನಸ್ಸಿನಲ್ಲೇ ಮತ್ತೆ ಕ ಇಂದ ಶುರು ಮಾಡಿದಿರಾ? ವರ್ಣಮಾಲೆ ನಿಮಗೆ ನಿದ್ದೆಯಲ್ಲೂ ಬರುತ್ತದೆ, ಆದರೂ ಲೆಕ್ಕ ನಡೆಯಲಿಲ್ಲ. ನಾಲ್ಕು ವರ್ಷದ ಮಗು ಒಂದರಿಂದ ಇಪ್ಪತ್ತರ ತನಕ ಗಡಗಡ ಒಪ್ಪಿಸಿದಾಗ ಅದರ ಪಾಡೂ ಇದೇ. ಹೆಸರುಗಳು ಬಾಯಿಗೆ ಬಂದಿವೆ, ಎಷ್ಟು ಅನ್ನುವುದು ಇನ್ನೂ ಬಂದಿಲ್ಲ. ಅಂಗನವಾಡಿ ಕಾರ್ಯಕರ್ತೆಯರ ತರಬೇತಿಯನ್ನು ಈ ಐದು ನಿಮಿಷದಿಂದ ಶುರು ಮಾಡಿದರೆ ಒಂದು ಗಂಟೆಯ ಉಪನ್ಯಾಸ ಬೇಕಾಗುವುದಿಲ್ಲ.

ಉಪನ್ಯಾಸಗಳಿಗೇನೂ ಕೊರತೆಯಿಲ್ಲ. 1975ರ ಅಕ್ಟೋಬರ್ 2ರಂದು ಅಂಗನವಾಡಿಗಳನ್ನು ತಂದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ನಮ್ಮ ರಾಜ್ಯದಲ್ಲಿ ಅದು ಕಾಲಿಟ್ಟದ್ದು ಟಿ. ನರಸೀಪುರದಲ್ಲಿ. ಅಂದಿನಿಂದ ಕಾರ್ಯಕರ್ತೆಯ ಹೆಗಲಿಗೆ ತೂಕ, ಚುಚ್ಚುಮದ್ದು, ಆಹಾರ, ದಾಖಲಾತಿ ಎಲ್ಲ ಏರಿವೆ. ಶಾಲಾಪೂರ್ವ ಶಿಕ್ಷಣ ಉಳಿದ ಹೊತ್ತಿನ ಕೆಲಸವಾಯಿತು. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ಪೋಷಣ್ ಭೀ ಪಢಾಯಿ ಭೀ', ಅಂದರೆ ಪೋಷಣೆಯೂ ಓದೂ, ಇದನ್ನು ಸರಿಪಡಿಸಲು ಹೊರಟ ಕಾರ್ಯಕ್ರಮ: ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಮತ್ತು ಮೇಲ್ವಿಚಾರಕಿಯರಿಗೆ ಎರಡು ದಿನ, ಅವರ ಮೂಲಕ ಕಾರ್ಯಕರ್ತೆಯರಿಗೆ ಮೂರು ದಿನ. ತೊಡಕು ಇರುವುದು ಈ 'ಮೂಲಕ' ಅನ್ನುವುದರಲ್ಲಿ. ಮೇಲಿನ ಹಂತದಲ್ಲಿ ಕೈಯಾರೆ ಮಾಡಿದ ಚಟುವಟಿಕೆ ಕೆಳಗಿಳಿಯುವಾಗ ಸ್ಲೈಡಿನ ಒಂದು ಸಾಲಾಗಿಬಿಡುತ್ತದೆ. ಹಾಗಾಗಿ ಮೂರು ದಿನದಲ್ಲಿ ಕಲಿತದ್ದು ಕೈಗೆ ಹತ್ತಬೇಕಾದರೆ ತಿಂಗಳ ವೃತ್ತ ಸಭೆಯೇ ಗತಿ. ವೃತ್ತ ಅಂದರೆ ಒಬ್ಬ ಮೇಲ್ವಿಚಾರಕಿ ನೋಡಿಕೊಳ್ಳುವ ಅಂಗನವಾಡಿಗಳ ಗುಂಪು.

ವೃತ್ತದಲ್ಲಿ ಇಪ್ಪತ್ತೈದು ಜನ ಅಂತಿಟ್ಟುಕೊಳ್ಳಿ. ಕುರ್ಚಿ ಬೇಡ, ಜಮಖಾನೆ ಹಾಸಿ, ಐವರಂತೆ ಐದು ಗುಂಪು ಮಾಡಿ. ವಿಷಯ ಒಂದೇ ಇರಲಿ, ಇವತ್ತು ಎಣಿಕೆ ಅಂದರೆ ಎಣಿಕೆ ಮಾತ್ರ. ಮೊಬೈಲಿನ ಪೋಷಣ್ ಟ್ರ್ಯಾಕರ್ ಆ್ಯಪಿಗೆ ಮಾಹಿತಿ ತುಂಬುವುದು, ಮೊಟ್ಟೆಯ ಲೆಕ್ಕ, ಹಾಜರಿ ಎಲ್ಲ ಊಟದ ನಂತರ. ಅದನ್ನು ಮೊದಲು ಎತ್ತಿಕೊಂಡರೆ ತರಬೇತಿಗೆ ಉಳಿಯುವುದು ಬಸ್ಸಿಗೆ ಹೊರಡುವ ಹೊತ್ತಿನ ಇಪ್ಪತ್ತು ನಿಮಿಷ.

ಗುಂಪಿಗೆ ಒಂದು ಹಿಡಿ ಹುಣಸೆಬೀಜ ಸಾಕು. ಒಬ್ಬರು ಮಗುವಾಗಲಿ, ಒಬ್ಬರು ಟೀಚರ್, ಉಳಿದ ಮೂವರು ನೋಡುವವರು. ಐದು ಬೀಜ ಸಾಲಾಗಿಟ್ಟು ಎಣಿಸಲು ಹೇಳಿ. ಮಗು ಒಂದೇ ಬೀಜವನ್ನು ಎರಡು ಸಲ ಮುಟ್ಟುತ್ತದೆ, ಇಲ್ಲವೇ ಒಂದನ್ನು ಹಾರಿಸುತ್ತದೆ. ಬಾಯಿ ಮುಂದೆ, ಬೆರಳು ಹಿಂದೆ. ಆಗ 'ತಪ್ಪು' ಅನ್ನುವ ಬದಲು, ಎಣಿಸಿದ ಬೀಜವನ್ನು ಪಕ್ಕಕ್ಕೆ ಸರಿಸುವುದನ್ನು ತೋರಿಸಬೇಕು. ಎಣಿಸಿ ಮುಗಿದ ಮೇಲೆ 'ಒಟ್ಟು ಎಷ್ಟು ಪುಟ್ಟಾ?' ಅಂತ ಕೇಳಿ. ಮಗು ಮತ್ತೆ ಒಂದರಿಂದ ಎಣಿಸಲು ಕೂತರೆ, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಅನ್ನುವುದು ಅದಕ್ಕಿನ್ನೂ ಹೊಳೆದಿಲ್ಲ ಎಂದರ್ಥ. ಟೀಚರ್ ತಾನೇ ಎಣಿಸಿ, ಬೀಜಗಳ ಸುತ್ತ ಕೈ ಸುತ್ತಿಸಿ 'ಒಟ್ಟು ಐದು' ಅನ್ನಲಿ. ಆಮೇಲೆ 'ನಂಗೆ ಮೂರು ಕೊಡು' ಅಂತ ಕೈಯೊಡ್ಡಲಿ. ಮಗುವಿಗೆ ಎಷ್ಟು ಗೊತ್ತು ಅನ್ನುವುದಕ್ಕೆ ಇದಕ್ಕಿಂತ ನೇರವಾದ ಪರೀಕ್ಷೆ ಇಲ್ಲ. ಇಪ್ಪತ್ತರ ತನಕ ಹೇಳುವ ಮಗು ಹಿಡಿ ತುಂಬ ಬಾಚಿ ಕೊಡುವುದುಂಟು.

ಬೀಜಗಳನ್ನು ದೂರ ದೂರ ಹರಡಿದರೆ 'ಈಗ ಜಾಸ್ತಿ ಆಯ್ತು' ಅನ್ನುವ ಮಗುವನ್ನು ಮಾತ್ರ ತಿದ್ದಲು ಹೋಗಬೇಡಿ, ಅದು ವಯಸ್ಸಿನೊಂದಿಗೆ ಸರಿಹೋಗುವ ಸಂಗತಿ. ತುಳು ಮನೆಯ ಮಗು 'ಒಂಜಿ, ರಡ್ಡ್, ಮೂಜಿ' ಎಂದರೂ, ಉರ್ದು ಮನೆಯ ಮಗು 'ಏಕ್, ದೋ, ತೀನ್' ಎಂದರೂ ಎಣಿಕೆ ಎಣಿಕೆಯೇ, ಕನ್ನಡದ ಹೆಸರನ್ನು ಅದರ ಪಕ್ಕದಲ್ಲಿಟ್ಟರಾಯಿತು.

ಇಲ್ಲೊಂದು ಎಚ್ಚರಿಕೆ. ಮೂರು ವರ್ಷದೊಳಗಿನ ಮಕ್ಕಳೂ ಅದೇ ಕೋಣೆಯಲ್ಲಿರುತ್ತಾರೆ. ಹುಣಸೆಬೀಜ ಮೂಗಿಗೂ ಹೋಗುತ್ತದೆ, ಗಂಟಲಿಗೂ ಹೋಗುತ್ತದೆ. ಅವರ ಕೈಗೆ ಸಿಗುವ ಸಾಮಾನು ಮಗುವಿನ ಮುಷ್ಟಿಗಿಂತ ದೊಡ್ಡದಿರಲಿ, ತೆಂಗಿನ ಚಿಪ್ಪು, ಮರದ ದಿಮ್ಮಿ ಹೀಗೆ. ಬೀಜ ಕೊಡುವಾಗ ಎಣಿಸಿ ಕೊಡಿ, ವಾಪಸು ಎಣಿಸಿ ಡಬ್ಬಿಗೆ ಹಾಕಿ. ಅದೂ ಎಣಿಕೆಯ ಪಾಠವೇ.

ಪಾತ್ರ ಬದಲಿಸಿಕೊಂಡು ಎಲ್ಲರೂ ಒಮ್ಮೆ ಟೀಚರ್ ಆದಮೇಲೆ ನಿಜವಾದ ಮಕ್ಕಳ ಜೊತೆ ಮಾಡಿ. ಸಭೆಯನ್ನು ಅಂಗನವಾಡಿ ಕೇಂದ್ರದಲ್ಲೇ ಇಟ್ಟುಕೊಂಡರೆ ಇದು ಸಾಧ್ಯ. ಇಪ್ಪತ್ತೈದು ಜನ ಸುತ್ತುವರಿದರೆ ಮಗು ತುಟಿ ಬಿಚ್ಚುವುದಿಲ್ಲ. ಒಂದು ಮಗು, ಒಬ್ಬ ಟೀಚರ್, ಒಬ್ಬರೇ ನೋಡುವವರು, ಮಿಕ್ಕವರು ಹೊರಗೆ ಜಗಲಿಯಲ್ಲಿ. ನೋಡುವವರು ಬರೆಯಬೇಕಾದದ್ದು ಮಗು ಏನು ಮಾಡಿತು, ಏನು ಅಂದಿತು ಅನ್ನುವುದನ್ನಷ್ಟೆ. ಟೀಚರಿಗೆ ಅಂಕ ಕೊಡಲು ಹೊರಟರೆ ಮುಂದಿನ ಸಲ ಯಾರೂ ಮುಂದೆ ಬರುವುದಿಲ್ಲ.

ಇನ್ನು ಚಾರ್ಟ್ ವಿಷಯ. ಥರ್ಮೋಕೋಲ್, ಮಿಂಚಿನ ಕಾಗದ, ಅಂಟು ಅಂತ ಅರ್ಧ ದಿನ ಕಳೆದು ಮಾಡಿದ ಚಾರ್ಟು ಕೊನೆಗೆ ಗೋಡೆಯ ಮೇಲೆ, ಅಧಿಕಾರಿಗಳ ಕಣ್ಣಿನ ಎತ್ತರಕ್ಕೆ ಏರುತ್ತದೆ. ಮಗುವಿನ ಕೈಗೆ ಅದು ಎಟುಕುವುದೇ ಇಲ್ಲ. ಆ ಅರ್ಧ ದಿನದಲ್ಲಿ ಪ್ರತಿಯೊಬ್ಬರೂ ನಾಲ್ಕು ಮಕ್ಕಳ ಜೊತೆ ಬೀಜ ಎಣಿಸಬಹುದಿತ್ತು.

ತರಬೇತಿಯಾದ ಹದಿನೈದು ದಿನದೊಳಗೆ ಮೇಲ್ವಿಚಾರಕಿ ಕೇಂದ್ರಕ್ಕೆ ಹೋದಾಗ ರಿಜಿಸ್ಟರ್ ತೆಗೆಸುವ ಮೊದಲು ಹತ್ತು ನಿಮಿಷ ಬೀಜದ ಡಬ್ಬಿಯ ಹತ್ತಿರ ಕೂರಬೇಕು. ಮುಂದಿನ ವೃತ್ತ ಸಭೆಯಲ್ಲಿ 'ಚಟುವಟಿಕೆ ಮಾಡಿದಿರಾ?' ಅಂತ ಕೇಳಿದರೆ ಎಲ್ಲರೂ 'ಹೌದು ಮೇಡಂ' ಅನ್ನುತ್ತಾರೆ. 'ಮೂರು ಕೊಡು ಅಂದಾಗ ನಿಮ್ಮಲ್ಲಿ ಯಾವ ಮಗು ಹಿಡಿ ತುಂಬ ಕೊಟ್ಟಿತು, ಆಮೇಲೆ ನೀವೇನು ಮಾಡಿದಿರಿ?' ಅಂತ ಕೇಳಬೇಕು. ಹೆಸರು ಹಿಡಿದು ಉತ್ತರ ಬಂದರೆ ಆಕೆ ಮಾಡಿದ್ದಾರೆ ಅಂತ ಲೆಕ್ಕ.

ನಮಸ್ಕಾರ. ಅಂದಹಾಗೆ, ಗ ಮತ್ತು ಘ ಕೂಡಿದರೆ ಛ. ಝದಿಂದ ಚ ಕಳೆದರೆ ಗ.