ಪುಟ್ಟಮ್ಮನ ಒತ್ತು ಎಲ್ಲಿ ಹೋಯಿತು? ಡೇಟಾಬೇಸ್ ಸಾಗಿಸುವಾಗ ಕನ್ನಡಕ್ಕೆ ಆಗುವುದು

ಎಲ್ಲರಿಗೂ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ಒಂದು ಸಹಕಾರ ಸಂಘದ ಡೇಟಾಬೇಸ್ ಸಾಗಿಸುವ ಕೆಲಸ ನನ್ನ ಪಾಲಿಗೆ ಬಂತು. ಹಳೇ ವಿಂಡೋಸ್ ಕಂಪ್ಯೂಟರು, ಅದರಲ್ಲಿ ಮೈಎಸ್‌ಕ್ಯೂಎಲ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರಿನ 5.1 ಆವೃತ್ತಿ. ಹೋಗಬೇಕಾದದ್ದು ಲಿನಕ್ಸ್ ಸರ್ವರಿಗೆ, ಮೈಎಸ್‌ಕ್ಯೂಎಲ್ 8.0ಕ್ಕೆ. ಡಂಪ್ ತೆಗೆದೆ, ಅಂದರೆ ಇದ್ದ ಡೇಟಾವನ್ನೆಲ್ಲ ಒಂದು ಫೈಲಿಗೆ ಬರೆಸಿಕೊಂಡೆ. ಹೊಸ ಕಡೆ ಲೋಡ್ ಮಾಡಿದೆ. ಒಂದೇ ಒಂದು ಎರರ್ ಬರಲಿಲ್ಲ. ಎರಡೂ ಕಡೆ ಸಾಲುಗಳ ಲೆಕ್ಕ ತಾಳೆಯಾಯಿತು. ಆದರೆ ಸದಸ್ಯರ ಹೆಸರಿನ ಪಟ್ಟಿ ತೆಗೆದರೆ ಒಂದು ಕನ್ನಡ ಅಕ್ಷರವೂ ಇಲ್ಲ.

ಅದು ಹೇಗೆ ಕಾಣುತ್ತಿತ್ತು ಅಂತ ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. ಇಂಗ್ಲಿಷಿನ ‘ಎ’, ಅದರ ತಲೆ ಮೇಲೊಂದು ಓರೆ ಗೀಟು. ಪಕ್ಕದಲ್ಲಿ ಪುಟ್ಟ 2 ಅಥವಾ ಪುಟ್ಟ 3. ಆಮೇಲೆ ಏನೋ ಒಂದು ಚಿಹ್ನೆ. ಮತ್ತೆ ಅದೇ ‘ಎ’, ಅದೇ ಪುಟ್ಟ 2. ಸಾಲುಗಟ್ಟಲೆ ಹೀಗೇ.

ಇದು ಯಾಕೆ ಹೀಗಾಗುತ್ತದೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ. ಕಂಪ್ಯೂಟರು ಅಕ್ಷರಗಳನ್ನು ಬೈಟ್ ಅನ್ನುವ ಪುಟ್ಟ ಸಂಖ್ಯೆಗಳಾಗಿ ಇಟ್ಟುಕೊಳ್ಳುತ್ತದೆ. ಎಲ್ಲ ಭಾಷೆಗೂ ಆಗುವ ಯುಟಿಎಫ್-8 ಅನ್ನುವ ಸಂಕೇತ ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಚಿಹ್ನೆಗೂ 3 ಬೈಟ್ ಬೇಕು. ‘ಕನ್ನಡ’ ಅನ್ನುವ ಪದ ತೆಗೆದುಕೊಳ್ಳಿ. ಕ, ನ, ಅರ್ಧಾಕ್ಷರದ ಚಿಹ್ನೆ, ಇನ್ನೊಂದು ನ, ಡ. ಒಟ್ಟು 5 ಸಂಕೇತ, 15 ಬೈಟ್. ಮೈಎಸ್‌ಕ್ಯೂಎಲ್ 5.7ರ ತನಕ ನಾವಾಗಿ ಏನೂ ಹೇಳದಿದ್ದರೆ ಟೇಬಲ್ಲುಗಳೆಲ್ಲ ಲ್ಯಾಟಿನ್1ರಲ್ಲೇ, ಅಂದರೆ ಯೂರೋಪಿನ ಒಂದು ಅಕ್ಷರಕ್ಕೆ ಒಂದೇ ಬೈಟ್ ಕೊಡುವ ಪದ್ಧತಿಯಲ್ಲೇ ಹುಟ್ಟುತ್ತಿದ್ದವು. ಸಂಘದ ಸಾಫ್ಟ್‌ವೇರ್ ಯುಟಿಎಫ್-8 ಬೈಟುಗಳನ್ನು ಹಾಗೇ ಕೊಡುತ್ತಿತ್ತು. ಡೇಟಾಬೇಸು ಅವನ್ನು 15 ಯೂರೋಪಿನ ಅಕ್ಷರ ಅಂತ ತಿಳಿದು ಇಟ್ಟುಕೊಳ್ಳುತ್ತಿತ್ತು. ಓದುವಾಗ ಅದೇ 15 ಬೈಟ್ ವಾಪಸ್. ಬ್ರೌಸರಿನಲ್ಲಿ ಚಂದದ ಕನ್ನಡ. ಎರಡು ತಪ್ಪು ಒಂದನ್ನೊಂದು ಮುಚ್ಚಿಕೊಂಡು ವರ್ಷಗಟ್ಟಲೆ ನಡೆದಿತ್ತು.

ಡಂಪ್ ತೆಗೆದಾಗ ಆ ಹೊಂದಾಣಿಕೆ ಮುರಿಯಿತು. ಮೈಎಸ್‌ಕ್ಯೂಎಲ್‌ಡಂಪ್ ಸುಮ್ನೆ ಬಿಟ್ಟರೆ ಎಲ್ಲವನ್ನೂ ಯುಟಿಎಫ್-8ಕ್ಕೆ ತಿರುಗಿಸಿ ಬರೆಯುತ್ತದೆ. ಆಗಲೇ ಯುಟಿಎಫ್-8 ಆಗಿದ್ದ ಬೈಟುಗಳು ಇನ್ನೊಂದು ಸಲ ತಿರುಗಿದವು. 15 ಬೈಟಿನ ‘ಕನ್ನಡ’ 31 ಬೈಟ್ ಆಯಿತು.

ಇಷ್ಟೇ ತಾನೆ, ಹಿಂದಕ್ಕೆ ತಿರುಗಿಸಿದರೆ ಆಯಿತು ಅಂದುಕೊಂಡು ನಾನು ಒಂದು ಪುಟ್ಟ ಜಾವಾ ಪ್ರೋಗ್ರಾಂ ಬರೆದೆ. ಡಂಪ್ ಫೈಲನ್ನು ವಿಂಡೋಸ್-1252 ಸಂಕೇತಕ್ಕೆ ಇಳಿಸುವುದು ಅದರ ಕೆಲಸ. ಮೈಎಸ್‌ಕ್ಯೂಎಲ್ ಲ್ಯಾಟಿನ್1 ಅಂತ ಕರೆಯುವುದು ಹೆಚ್ಚುಕಮ್ಮಿ ಇದನ್ನೇ. ಓಡಿಸಿದೆ, ಕನ್ನಡ ಬಂತು. ತುಂಬಾ ಖುಷಿಯಾಯಿತು. ಸಂಘದ ಗುಮಾಸ್ತರು ಪಕ್ಕದಲ್ಲೇ ಕೂತಿದ್ದರು. ಪಟ್ಟಿ ನೋಡುತ್ತಾ, “ಸಾರ್, ಕಮಲ ಸರಿ ಇದೆ. ಪುಟ್ಟಮ್ಮನ ಒತ್ತು ಎಲ್ಲಿ ಹೋಯ್ತು?” ಅಂದರು.

ನೋಡಿದರೆ ಹೌದು. ಪ, ಟ, ಟ, ಮ, ಮ ಇವೆ. ನಡುನಡುವೆ ಪ್ರಶ್ನೆ ಚಿಹ್ನೆ. ಕಮಲ, ಸರಳ, ರಮೇಶ ಎಲ್ಲ ಸರಿ. ಬಸವರಾಜು ಅವರ ಕೊನೆಯ ಕೊಂಬು ಇಲ್ಲ. ಪಟ್ಟಿಯ ಉದ್ದಕ್ಕೂ ಒತ್ತಕ್ಷರ ಮತ್ತು ಕೊಂಬು ಮಾತ್ರ ಮಾಯ.

ಕಾರಣ ಹುಡುಕಲು ಒಂದು ಇಡೀ ಸಂಜೆ ಬೇಕಾಯಿತು. ವಿಂಡೋಸ್-1252ರಲ್ಲಿ 256 ಜಾಗಗಳಿವೆ. ಅದರಲ್ಲಿ 5 ಖಾಲಿ, ಅಲ್ಲಿ ಯಾವ ಅಕ್ಷರವನ್ನೂ ಇಟ್ಟಿಲ್ಲ. ನಮ್ಮ ಕೊಂಬಿನ ಕೊನೆಯ ಬೈಟ್ ಬಂದು ಬೀಳುವುದು ಅಂಥ ಒಂದು ಖಾಲಿ ಜಾಗಕ್ಕೆ. ಒತ್ತಕ್ಷರ ಮಾಡುವ ಚಿಹ್ನೆಯದು ಇನ್ನೊಂದಕ್ಕೆ. ಏ, ಐ, ಝ ಅಕ್ಷರಗಳದ್ದೂ ಅದೇ ಪಾಡು. ಮೈಎಸ್‌ಕ್ಯೂಎಲ್ ತನ್ನ ಲ್ಯಾಟಿನ್1ರಲ್ಲಿ ಈ ಐದನ್ನೂ ಇದ್ದ ಹಾಗೇ ಜೋಪಾನ ಮಾಡುತ್ತದೆ. ನನ್ನ ಜಾವಾ ಪ್ರೋಗ್ರಾಂ ಮಾಡುವುದಿಲ್ಲ. ಗುರುತು ಸಿಗದ ಕಡೆ ಪ್ರಶ್ನೆ ಚಿಹ್ನೆ ಹಾಕಿ ಮುಂದೆ ಹೋಗುತ್ತದೆ. ಒತ್ತು ಇಲ್ಲದೆ, ಕೊಂಬು ಇಲ್ಲದೆ ನಮ್ಮ ಭಾಷೆಯಲ್ಲಿ ಎಷ್ಟು ಹೆಸರು ಬರೆಯಬಹುದು ಹೇಳಿ.

ಪುಣ್ಯಕ್ಕೆ ಹಳೇ ಡೇಟಾಬೇಸನ್ನು ಯಾರೂ ಮುಟ್ಟಿರಲಿಲ್ಲ. ಮತ್ತೆ ಮೊದಲಿಂದ ಶುರು ಮಾಡಿದೆ. ಈ ಸಲ ಡಂಪ್ ತೆಗೆಯುವಾಗಲೇ ಸಂಕೇತ ಲ್ಯಾಟಿನ್1 ಅಂತ ಹೇಳಿದೆ. ಆಗ ಅದು ಏನನ್ನೂ ತಿರುಗಿಸುವುದಿಲ್ಲ, ಬೈಟ್ ಇದ್ದ ಹಾಗೇ ಬರುತ್ತದೆ. ಫೈಲಿನೊಳಗೆ ಟೇಬಲ್ಲುಗಳ ಹಣೆಪಟ್ಟಿಯನ್ನೂ, ಫೈಲಿನ ಸಂಕೇತ ಯಾವುದು ಅಂತ ಹೇಳುವ ‘ಸೆಟ್ ನೇಮ್ಸ್’ ಸಾಲನ್ನೂ ಯುಟಿಎಫ್8ಎಂಬಿ4 ಅಂತ, ಅಂದರೆ ಮೈಎಸ್‌ಕ್ಯೂಎಲ್‌ನ ಪೂರ್ತಿ ಯುಟಿಎಫ್-8 ಅಂತ ಬದಲಿಸಿ ಲೋಡ್ ಮಾಡಿದೆ. ಪುಟ್ಟಮ್ಮನ ಕೊಂಬೂ ಬಂತು, ಎರಡು ಒತ್ತೂ ಬಂದವು.

ಆವತ್ತಿನಿಂದ ನಾನು ಸಾಲುಗಳ ಲೆಕ್ಕವನ್ನಷ್ಟೇ ನಂಬುವುದಿಲ್ಲ. ಗೊತ್ತಿರುವ ಒಂದು ಹೆಸರು ತೆಗೆದು, ಅದರ ಅಕ್ಷರ ಎಷ್ಟು, ಬೈಟ್ ಎಷ್ಟು ಅಂತ ಡೇಟಾಬೇಸನ್ನೇ ಕೇಳುತ್ತೇನೆ. ‘ಕನ್ನಡ’ಕ್ಕೆ 5 ಮತ್ತು 15 ಬಂದರೆ ಸರಿ. ಎರಡೂ 15 ಬಂದರೆ ಲ್ಯಾಟಿನ್1ರ ವೇಷ. 31 ಕಂಡರೆ ಎರಡು ಸಲ ತಿರುಗಿದೆ.

ವಿಂಡೋಸಿನಿಂದ ಬರುವವರಿಗೆ ಇನ್ನೆರಡು ಮಾತು. ವಿಂಡೋಸ್ ಜೊತೆಗೇ ಬರುವ, ಕಮಾಂಡ್ ಕೊಡುವ ಪವರ್‌ಶೆಲ್ 5.1ರಲ್ಲಿ ಬಾಣದ ಗುರುತು ಹಾಕಿ ಡಂಪ್ ತೆಗೆದರೆ ಫೈಲು ಯುಟಿಎಫ್-16ರಲ್ಲಿ ಬರುತ್ತದೆ, ಅದು ಸರಿಯಾಗಿ ಲೋಡ್ ಆಗುವುದಿಲ್ಲ. ಅದಕ್ಕೇ ರಿಸಲ್ಟ್-ಫೈಲ್ ಅನ್ನುವ ಆಯ್ಕೆ ಇದೆ, ಅದನ್ನು ಬಳಸಿ. ಮತ್ತೆ, ಟೇಬಲ್ಲಿನ ಹೆಸರಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಬೇರೆ ಬೇರೆ ಅಂತ ವಿಂಡೋಸ್ ನೋಡುವುದಿಲ್ಲ, ಲಿನಕ್ಸ್ ನೋಡುತ್ತದೆ. 8.0ರಲ್ಲಿ ಈ ಸೆಟ್ಟಿಂಗನ್ನು ಸರ್ವರ್ ಮೊದಲು ಸಿದ್ಧಮಾಡುವಾಗಲೇ ಕೊಡಬೇಕು, ಆಮೇಲೆ ಬದಲಿಸಲು ಆಗುವುದಿಲ್ಲ.

ಶಾಲೆ-ಕಾಲೇಜಿನ ಫಲಿತಾಂಶದ ಡೇಟಾ ಸಾಗಿಸುವವರು ‘ರ‍್ಯಾಂಕ್’ ಅನ್ನುವ ಕಾಲಂ ಇದೆಯಾ ನೋಡಿಕೊಳ್ಳಿ. 8.0ರಲ್ಲಿ ಅದು ಮೈಎಸ್‌ಕ್ಯೂಎಲ್ ತನ್ನ ಬಳಕೆಗೇ ಕಾಯ್ದಿರಿಸಿದ ಪದ. ಡೇಟಾ ತೊಂದರೆಯಿಲ್ಲದೆ ಬರುತ್ತದೆ, ಪ್ರೋಗ್ರಾಂ ಎಡವುತ್ತದೆ.

ಪೋಸ್ಟ್‌ಗ್ರೆಸ್ ಅನ್ನುವ ಇನ್ನೊಂದು ಡೇಟಾಬೇಸ್ ಬಳಸುವವರು ಇದೆಲ್ಲ ನಮಗಲ್ಲ ಅಂದುಕೊಳ್ಳಬೇಡಿ. ಅಲ್ಲಿ ಡೇಟಾಬೇಸಿನ ಆವೃತ್ತಿ ಒಂದೇ ಇದ್ದು, ಕೆಳಗಿನ ಲಿನಕ್ಸ್ ಬದಲಾದರೂ ತೊಂದರೆ ಬರಬಹುದು. ಪದ ಜೋಡಿಸುವ ಕ್ರಮವನ್ನು ಅದು ಸಾಮಾನ್ಯವಾಗಿ ಲಿನಕ್ಸಿನ ಮೂಲ ಲೈಬ್ರರಿ ಜಿಲಿಬ್‌ಸಿಯಿಂದ ಪಡೆಯುತ್ತದೆ. 2018ರಲ್ಲಿ ಬಂದ ಜಿಲಿಬ್‌ಸಿ 2.28ರಲ್ಲಿ ಪದಗಳನ್ನು ಜೋಡಿಸುವ ಕ್ರಮವೇ ಬದಲಾಯಿತು. ಮೊದಲು ‘11’ ಆದಮೇಲೆ ‘1-1’ ಬರುತ್ತಿತ್ತು. ಈಗ ‘1-1’ ಮೊದಲು. ರೆಡ್ ಹ್ಯಾಟ್ 7ರಿಂದ 8ಕ್ಕೆ, ಡೆಬಿಯನ್ 9ರಿಂದ 10ಕ್ಕೆ ಡೇಟಾ ಫೋಲ್ಡರನ್ನು ಹಾಗೇ ಒಯ್ದರೆ ಇಂಡೆಕ್ಸ್, ಅಂದರೆ ಬೇಗ ಹುಡುಕಲು ಜೋಡಿಸಿಟ್ಟ ಪಟ್ಟಿ, ಹಳೇ ಕ್ರಮದಲ್ಲಿರುತ್ತದೆ, ಹುಡುಕುವುದು ಹೊಸ ಕ್ರಮದಲ್ಲಿ. ಇರುವ ಮನೆ ನಂಬರನ್ನೇ ಇಲ್ಲ ಅನ್ನಬಹುದು. ಪಠ್ಯದ ಇಂಡೆಕ್ಸುಗಳನ್ನು ಮತ್ತೆ ಕಟ್ಟಲೇಬೇಕು. ಡಂಪ್ ತೆಗೆದು ಲೋಡ್ ಮಾಡಿದರೆ ಇಂಡೆಕ್ಸ್ ಹೊಸದಾಗೇ ಹುಟ್ಟುತ್ತದೆ. ಸಮಯ ಜಾಸ್ತಿ ಹಿಡಿಯುತ್ತದೆ, ಆದರೂ ಸಾಧ್ಯವಿದ್ದಾಗಲೆಲ್ಲ ನಾನು ಅದನ್ನೇ ಆರಿಸುತ್ತೇನೆ.

ಸಂಘದ ಕಥೆಯಲ್ಲಿ ಒಂದು ಉಳಿದಿದೆ. ಎಲ್ಲ ಸರಿಹೋದ ಮೇಲೂ ಕೆಲವು ಹೆಸರು ಅರ್ಧಕ್ಕೇ ನಿಂತಿದ್ದವು. ಇದು ಸಾಗಣೆಯಲ್ಲಿ ಆದದ್ದಲ್ಲ. ಹೆಸರಿನ ಕಾಲಂಗೆ 50 ಅಕ್ಷರದ ಜಾಗ ಕೊಟ್ಟಿದ್ದರು. ಲ್ಯಾಟಿನ್1ರಲ್ಲಿ 50 ಅಂದರೆ 50 ಬೈಟ್, ಕನ್ನಡಕ್ಕೆ ಸಿಗುವುದು 16 ಸಂಕೇತ. ಉದ್ದದ ಹೆಸರುಗಳು ಬರೆದ ದಿನವೇ ತುಂಡಾಗಿದ್ದವು. ಅವನ್ನು ಯಾವ ಕಮಾಂಡೂ ವಾಪಸ್ ತರುವುದಿಲ್ಲ. ಗುಮಾಸ್ತರು ಬೀರುವಿನಿಂದ ಹಳೇ ಷೇರು ರಿಜಿಸ್ಟರ್ ತೆಗೆದರು. ಅವರು ಒಂದೊಂದೇ ಹೆಸರು ಓದಿದರು, ನಾನು ಟೈಪ್ ಮಾಡುತ್ತಾ ಹೋದೆ.