ಪ್ಲಗ್ ಕಿತ್ತ ಮೇಲೂ ಶಾಕ್ ಹೊಡೆಯುತ್ತಾ?

ನಮಸ್ಕಾರ. ಕೆಟ್ಟ ಮೈಕ್ರೋವೇವ್, ಅಟ್ಟದ ಮೇಲಿನ ಹಳೇ ಡಬ್ಬಾ ಟಿವಿ. ಇವೆರಡರ ಬಗ್ಗೆ ನಿಮ್ಮಲ್ಲಿ ಹಲವರು ಕೇಳಿದ್ದು ಒಂದೇ: "ಪ್ಲಗ್ ಕಿತ್ತಾಗಿದೆ. ಈಗ ಬಿಚ್ಚಿ ನೋಡಿದ್ರೆ ಏನಂತೆ?"

ಶಾಕ್ ಹೊಡೆಯಬಹುದು. ಪ್ರಾಣವೂ ಹೋಗಬಹುದು.

ಬೇಸಿಕ್ಸ್ ಬೇಗ ಮುಗಿಸೋಣ. ಗೋಡೆಯ ಸಾಕೆಟ್‌ನಲ್ಲಿ 230 ವೋಲ್ಟ್ ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್. ಟಿವಿ, ಕಂಪ್ಯೂಟರಿನ ಪವರ್ ಸಪ್ಲೈ ಅದನ್ನು ಒಂದೇ ದಿಕ್ಕಿನ ಡಿಸಿ ಮಾಡಿ ಕೆಪಾಸಿಟರ್‌ಗೆ ತುಂಬುತ್ತದೆ. ಕೆಪಾಸಿಟರ್ ಅಂದರೆ ಚಾರ್ಜ್ ಕೂಡಿಡುವ ಭಾಗ, ನಾವು ಕಂಡೆನ್ಸರ್ ಅನ್ನುವುದೂ ಇದನ್ನೇ. ಅಲ್ಲಿ ಸುಮಾರು 325 ವೋಲ್ಟ್. ಹೌದು, ಸಾಕೆಟ್‌ಗಿಂತ ಜಾಸ್ತಿ! ಬೀದಿ ಪೈಪಿನಲ್ಲಿ ನೀರು ಬರುವುದು ನಿಂತರೂ ಮೇಲೆ ಸಿಂಟೆಕ್ಸ್ ತುಂಬಿದ್ದರೆ ನಲ್ಲಿಯಲ್ಲಿ ನೀರು ಬರುತ್ತದಲ್ವಾ? ಹಾಗೇ ಇದೂ, ಪ್ಲಗ್ ಕಿತ್ತರೂ ಒಳಗೆ ತುಂಬಿದ್ದು ಉಳಿದಿರಬಹುದು.

ಮೈಕ್ರೋವೇವ್ ಇನ್ನೂ ಖತರ್ನಾಕ್. ಅದರ ಕೆಪಾಸಿಟರಿನ ಅಳತೆ 1 ಮೈಕ್ರೋಫ್ಯಾರಡ್ ಆಸುಪಾಸು, ನಿಮ್ಮ ಫ್ಯಾನಿನ ಕಂಡೆನ್ಸರ್‌ಗಿಂತ ಕಮ್ಮಿ. ಆದರೆ ವೋಲ್ಟೇಜ್ 2,000ದ ಮೇಲೆ. ವೋಲ್ಟೇಜ್ ಎರಡು ಪಟ್ಟಾದರೆ ಒಳಗಿನ ಶಕ್ತಿ ನಾಲ್ಕು ಪಟ್ಟು. ಆಫ್ ಆದ ಮೇಲೆ ಚಾರ್ಜ್ ಇಳಿಸಲು ಸಾಮಾನ್ಯವಾಗಿ ಒಂದು ಪುಟ್ಟ ರೆಸಿಸ್ಟರ್ ಇರುತ್ತದೆ. ಅದು ಸತ್ತಿದೆಯೋ ಬದುಕಿದೆಯೋ, ಹೊರಗಿನಿಂದ ಗೊತ್ತಾಗುವುದಿಲ್ಲ.

ಈಗ ನನ್ನ ಫೇವರಿಟ್. ಡಬ್ಬಾ ಟಿವಿಯ ಪಿಕ್ಚರ್ ಟ್ಯೂಬ್.

[ಸ್ಕ್ರೀನ್ ಮೇಲೆ: ಟ್ಯೂಬಿನ ಹಿಂಭಾಗ, ಹತ್ತಿರದಿಂದ]

ಈ ದಪ್ಪ ವೈರ್ ನೋಡಿ. ರಬ್ಬರ್ ಟೋಪಿ ಕೆಳಗೆ ಹೋಗಿ ಗಾಜಿನೊಳಗೆ ಸೇರುತ್ತದೆ. ಕಲರ್ ಟಿವಿ ಓಡುವಾಗ ಇಲ್ಲಿ 25,000 ವೋಲ್ಟ್ ಆಸುಪಾಸು. ಗಾಜಿನ ಹೊರಗೆ ಕಪ್ಪು ಗ್ರಾಫೈಟ್ ಲೇಪ, ಒಳಗೂ ಕರೆಂಟ್ ಹರಿಯುವ ಲೇಪ, ನಡುವೆ ಗಾಜು. ಅಂದರೆ ಟ್ಯೂಬೇ ಒಂದು ಕೆಪಾಸಿಟರ್! 1746ರಲ್ಲಿ ಫ್ರಾನ್ಸಿನ ನೊಲೆ ಎಂಬ ಪಾದ್ರಿ ಇದೇ ತತ್ವದ ಗಾಜಿನ ಜಾಡಿ ಹಿಡಿದು, ಕೈ ಕೈ ಹಿಡಿದು ನಿಂತ 180 ರಾಜಭಟರನ್ನು ಶಾಕ್ ಕೊಟ್ಟು ಒಟ್ಟಿಗೇ ಎಗರಿಸಿದ್ದ. 15ನೇ ಲೂಯಿ ದೊರೆಗೆ ಮನರಂಜನೆ! ಭಟರನ್ನು ಯಾರೂ ಕೇಳಿದಂತಿಲ್ಲ.

ಮಜಾ ಇರುವುದು ಮುಂದೆ. ಮೆಕ್ಯಾನಿಕ್ ಟ್ಯೂಬನ್ನು ಡಿಸ್ಚಾರ್ಜ್ ಮಾಡುತ್ತಾರೆ. ಟಪ್ ಅಂತ ಕಿಡಿ. ಮುಗೀತಾ? ಇಲ್ಲ. ಟೀ ಕುಡಿದು ಬರುವಷ್ಟರಲ್ಲಿ ಅದರಲ್ಲಿ ಮತ್ತೆ ವೋಲ್ಟೇಜ್! ಯಾರೂ ಪ್ಲಗ್ ಮುಟ್ಟಿಲ್ಲ, ದೆವ್ವವೂ ಬಂದಿಲ್ಲ. ಇಷ್ಟು ಹೊತ್ತು ವೋಲ್ಟೇಜಿನ ಎಳೆತಕ್ಕೆ ಸಿಕ್ಕ ಗಾಜಿನೊಳಗಿನ ಕಣಗಳು ಒಂದು ಕಡೆಗೆ ವಾಲಿರುತ್ತವೆ. ಲೇಪ ಖಾಲಿಯಾದರೂ ಇವು ಸರಿಯಾಗಲು ಟೈಮ್ ತಗೊಳ್ಳುತ್ತವೆ. ಹಾಗೆ ಸರಿಯಾಗುವಾಗಲೇ ವೋಲ್ಟೇಜ್ ಮತ್ತೆ ಏಳುತ್ತದೆ. ಇದರ ಹೆಸರು ಡೈಎಲೆಕ್ಟ್ರಿಕ್ ಅಬ್ಸಾರ್ಪ್ಷನ್. ದೊಡ್ಡ ಹೈವೋಲ್ಟೇಜ್ ಕೆಪಾಸಿಟರ್‌ಗಳನ್ನು ಎತ್ತಿಡುವಾಗ ಎರಡೂ ತುದಿ ಸೇರಿಸಿ ಒಂದು ತಂತಿ ಕಟ್ಟಿಡುವುದು ಇದಕ್ಕೇ.

ಹಾಗಾಗಿ ಮೈಕ್ರೋವೇವ್, ಡಬ್ಬಾ ಟಿವಿ ಎರಡನ್ನೂ ಮನೆಯಲ್ಲಿ ಬಿಚ್ಚಲೇಬೇಡಿ. ಸ್ಕ್ರೂಡ್ರೈವರ್ ಇಟ್ಟು ಶಾರ್ಟ್ ಮಾಡುವ ವಿಡಿಯೋ ನೋಡಿದ್ದೀರಾ? ಮರೆತುಬಿಡಿ.

ಅಯ್ಯೋ, ಟೈಮ್ ಆಗ್ತಿದೆ. ಉಳಿದದ್ದು ಒಂದೇ ಉಸಿರಿಗೆ. ಧೂಳು ಒರೆಸುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಕೀಳಿ. ವೈರಿಂಗ್ ಅದಲುಬದಲಾಗಿದ್ದರೆ ಸ್ವಿಚ್ ಆಫ್ ಇದ್ದರೂ ಫೇಸ್ ಒಳಗೇ ಇರುತ್ತದೆ. ಮೂರು ಪಿನ್ನಿನ ಪ್ಲಗ್‌ನಲ್ಲಿ ದಪ್ಪ ಪಿನ್ ಉದ್ದ ಇರುವುದು ಅರ್ಥಿಂಗ್ ಮೊದಲು ಸಿಗಲಿ ಅಂತ. ಅದನ್ನು ಕಿತ್ತು ಎರಡು ಪಿನ್ನಿನ ಸಾಕೆಟ್‌ಗೆ ತುರುಕಬೇಡಿ. ಫ್ಯೂಸ್ ಹೋದರೆ ಅದೇ ಆಂಪಿಯರಿನದ್ದೇ ಹಾಕಿ.

ಬಿಸಾಕುವುದಾ? ಪಿಕ್ಚರ್ ಟ್ಯೂಬ್ ಗಾಜಿನಲ್ಲಿ ಸೀಸ ಇದೆ, ಒಡೆಯಬೇಡಿ. ಗುಜರಿಯವರು ತಾಮ್ರಕ್ಕಾಗಿ ವೈರ್ ಸುಟ್ಟರೆ ಏಳುವ ಹೊಗೆ ವಿಷ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದಲ್ಲಿ ರೀಸೈಕ್ಲಿಂಗ್ ಹೊಣೆ ತಯಾರಕರ ಮೇಲಿದೆ. ಮೊದಲು ಆ ಕಂಪನಿಯನ್ನೇ ಕೇಳಿ. ಇಲ್ಲಾಂದ್ರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಪರವಾನಗಿ ಇರುವ ರೀಸೈಕ್ಲರ್‌ಗೆ ಕೊಡಿ.

ಕೆಟ್ಟದ್ದನ್ನು ಯಾರೋ ಮತ್ತೆ ಸಾಕೆಟ್‌ಗೆ ಹಾಕಬಾರದು ಅಂದರೆ ಪ್ಲಗ್ ಕಿತ್ತು ವೈರ್ ಕತ್ತರಿಸಿ ಕೊಡಿ. ಆದರೆ ಆ ಕತ್ತರಿಸಿದ ಪ್ಲಗ್ ಮನೆಯಲ್ಲಿ ಬಿದ್ದಿರಬಾರದು. ಮಕ್ಕಳು ಎತ್ತಿ ಸಾಕೆಟ್‌ಗೆ ಸಿಕ್ಕಿಸಿದರೆ, ಕೈಯಲ್ಲಿರುವುದು ಬರಿ ತಾಮ್ರದ ತುದಿ. ಪಿನ್ ಬಗ್ಗಿಸಿ, ಅದನ್ನೂ ಇ-ತ್ಯಾಜ್ಯದ ಜೊತೆಗೇ ಕಳಿಸಿ.