ಜೊತೆಗೆ ನಡೆಯುವ ದೂತ

ಕೇಳುಗರೆಲ್ಲರಿಗೂ ನಮಸ್ಕಾರ.

ಅಕ್ಟೋಬರ್ 2 ಎಂದೊಡನೆ ನಮಗೆಲ್ಲ ಗಾಂಧಿ ಜಯಂತಿ ನೆನಪಾಗುತ್ತದೆ. ಅದೇ ದಿನ ಕಥೋಲಿಕ ಧರ್ಮಸಭೆಯು ಕಾವಲುದೂತರ ಹಬ್ಬವನ್ನೂ ಆಚರಿಸುತ್ತದೆ ಎಂಬುದು ನಮ್ಮ ಕಾರವಾರದ ಕ್ರೈಸ್ತ ಮನೆಗಳಲ್ಲಿಯೂ ಎಷ್ಟೋ ಜನರಿಗೆ ಮರೆತುಹೋಗಿದೆ. ಹುಟ್ಟಿದ ಪ್ರತಿಯೊಬ್ಬ ಮನುಷ್ಯನ ಪಕ್ಕದಲ್ಲಿಯೂ ದೇವರು ಒಬ್ಬ ದೂತನನ್ನು ನಿಲ್ಲಿಸಿದ್ದಾನೆ ಎಂಬುದು ಈ ಹಬ್ಬದ ಹಿಂದಿರುವ ನಂಬಿಕೆ. ಈ ಚಿಕ್ಕವರಲ್ಲಿ ಒಬ್ಬರನ್ನೂ ಕಡೆಗಣಿಸಬೇಡಿ, ಅವರ ದೂತರು ಪರಲೋಕದಲ್ಲಿ ನನ್ನ ತಂದೆಯ ಮುಖವನ್ನು ಸದಾ ನೋಡುತ್ತಿರುತ್ತಾರೆ ಎಂದು ಯೇಸುಸ್ವಾಮಿ ಹೇಳಿದ ಮಾತು ಮತ್ತಾಯನ ಶುಭಸಂದೇಶದ 18ನೆಯ ಅಧ್ಯಾಯದಲ್ಲಿದೆ.

ನಾನು ಬಹಳ ವರ್ಷಗಳಿಂದ ಭಾನುವಾರದ ಪೂಜೆಯ ನಂತರ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತಿದ್ದೇನೆ. ಕಾವಲುದೂತನೆಂದರೆ ಯಾರು ಎಂದು ಕೇಳಿದರೆ ಮಕ್ಕಳು ಕ್ಯಾಲೆಂಡರಿನ ಚಿತ್ರದಲ್ಲಿರುವ, ರೆಕ್ಕೆಗಳುಳ್ಳ ಗುಂಡುಗೆನ್ನೆಯ ಕೂಸನ್ನು ತೋರಿಸುತ್ತಾರೆ. ದೊಡ್ಡವರಾದರೆ ತಾಯತದಂತೆ ಕೆಲಸ ಮಾಡುವ ಒಂದು ಶಕ್ತಿ ಎಂದುಕೊಂಡಿದ್ದಾರೆ. ದಯವಿಟ್ಟು ಈ ಎರಡನ್ನೂ ಬಿಟ್ಟುಬಿಡಿ. ಕಾವಲುದೂತನು ನಮ್ಮ ಜೊತೆಗೆ ನಡೆಯುವವನು. ನಮ್ಮ ಬದಲಿಗೆ ನಡೆಯುವವನಲ್ಲ. ಇಂದು ನಾನು ಹೇಳಬೇಕೆಂದಿರುವುದು ಇದೊಂದೇ ಮಾತು.

ಇದಕ್ಕೆ ಕಥೋಲಿಕ ಬೈಬಲಿನ ತೋಬಿತನ ಗ್ರಂಥದಲ್ಲಿರುವ ಕಥೆಗಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ. ನಿನೆವೆ ಪಟ್ಟಣದಲ್ಲಿದ್ದ ತೋಬಿತನೆಂಬ ಧರ್ಮಿಷ್ಠನ ಕಣ್ಣಿಗೆ ಹಕ್ಕಿಯ ಹಿಕ್ಕೆ ಬಿದ್ದು ದೃಷ್ಟಿ ಹೋಯಿತು. ದೂರದ ಮೇದ್ಯ ದೇಶದಲ್ಲಿ ಒಬ್ಬರ ಬಳಿ ಇರಿಸಿದ್ದ ಹಣವನ್ನು ತರಲು ಅವನು ಮಗ ತೋಬಿಯಾಸನನ್ನು ಕಳುಹಿಸಬೇಕಾಯಿತು. ದಾರಿ ತಿಳಿದವನೆಂದು ಹೇಳಿಕೊಂಡು ಜೊತೆಗೆ ಬಂದ ಅಪರಿಚಿತನೇ ರಫಾಯೇಲ ದೂತ. ಮನೆಯ ನಾಯಿಯೂ ಅವರ ಹಿಂದೆಯೇ ಹೊರಟಿತು. ಸಂಜೆ ಟೈಗ್ರಿಸ್ ನದಿಯಲ್ಲಿ ಕಾಲು ತೊಳೆಯಲು ಇಳಿದ ಹುಡುಗನ ಮೇಲೆ ಒಂದು ದೊಡ್ಡ ಮೀನು ಎಗರಿತು. ಹುಡುಗ ಕೂಗಿಕೊಂಡ. ಆಗ ದೂತನು ಏನು ಮಾಡಿದನೆಂದು ಗಮನಿಸಿ. ಅವನು ನೀರಿಗೆ ಇಳಿಯಲಿಲ್ಲ, ಮೀನನ್ನು ಕೈಯಲ್ಲಿ ಮುಟ್ಟಲೂ ಇಲ್ಲ. "ಹಿಡಿ ಅದನ್ನು" ಎಂದ, ಅಷ್ಟೇ. ಹೆದರಿದ್ದ ಆ ಹುಡುಗನೇ ಮೀನನ್ನು ಹಿಡಿದು ದಡಕ್ಕೆ ಎಳೆದು ಹಾಕಿದ. ಅದನ್ನು ಸೀಳಿ ಗುಂಡಿಗೆ, ಪಿತ್ತಜನಕಾಂಗ ಮತ್ತು ಪಿತ್ತವನ್ನು ತೆಗೆದಿರಿಸಿಕೋ ಎಂದು ದೂತ ಹೇಳಿದ. ಹುಡುಗ ಹಾಗೆಯೇ ಮಾಡಿ, ಒಂದಿಷ್ಟು ಮೀನನ್ನು ಸುಟ್ಟು ತಿಂದು, ಉಳಿದುದಕ್ಕೆ ಉಪ್ಪು ಹಾಕಿ ದಾರಿಗೆ ಇಟ್ಟುಕೊಂಡ.

ಒಮ್ಮೆ ಈ ಕಥೆಯನ್ನು ಹೇಳುತ್ತಿದ್ದಾಗ, ಮೀನು ಮಾರುವ ತಾಯಿಯ ಮಗಳೊಬ್ಬಳು ಎದ್ದು ನಿಂತು, "ಅಕ್ಕೋರೇ, ಪಿತ್ತ ಒಡೆದುಹೋಗಲಿಲ್ಲವಾ?" ಎಂದು ಕೇಳಿದಳು. ಈ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಮೀನು ಹಸನು ಮಾಡುತ್ತ ನನ್ನ ಮಾತು ಕೇಳುತ್ತಿರುವ ತಾಯಂದಿರಿಗೆ ಆ ಪ್ರಶ್ನೆಯ ಬೆಲೆ ಗೊತ್ತು. ಆ ಹಸಿರು ಚೀಲಕ್ಕೆ ಕತ್ತಿಯ ತುದಿ ತಾಗಿದರೆ ಸಾಕು, ಮೀನೆಲ್ಲ ಕಹಿಯಾಗುತ್ತದೆ. ತೋಬಿಯಾಸನು ಅದನ್ನು ಒಡೆಯದಂತೆ ತೆಗೆದನು. ಮನೆಗೆ ಮರಳಿದ ಮೇಲೆ ಅದೇ ಪಿತ್ತವನ್ನು ತಂದೆಯ ಕಣ್ಣಿಗೆ ಹಚ್ಚಿದಾಗ ಬಿಳಿಯ ಪೊರೆ ಕಳಚಿ ದೃಷ್ಟಿ ಬಂದಿತು. ಹೇಗೆಂದು ತಿಳಿಸಿಕೊಟ್ಟದ್ದು ದೂತ, ಕೈಯಾರೆ ಮಾಡಿದ್ದು ಮಗ. ಕೊನೆಯಲ್ಲಿ ತಾನು ಯಾರೆಂದು ಹೇಳಿದಾಗಲೂ ರಫಾಯೇಲನು ತನ್ನನ್ನು ಕೊಂಡಾಡಿರಿ ಎನ್ನಲಿಲ್ಲ, ದೇವರನ್ನು ಕೊಂಡಾಡಿರಿ ಎಂದನು.

ಈ ಕಥೆಗೇ ಹೆಚ್ಚು ಸಮಯ ಹೋಯಿತು, ಉಳಿದುದನ್ನು ಬೇಗ ಹೇಳಿಬಿಡುತ್ತೇನೆ. ಸೆರೆಮನೆಯಲ್ಲಿದ್ದ ಯೇಸುಸ್ವಾಮಿಯ ಶಿಷ್ಯ ಪೇತ್ರನನ್ನು ಬಿಡಿಸಲು ಬಂದ ದೂತನು ಸರಪಳಿ ಕಳಚಿ ಬೀಳುವಂತೆ ಮಾಡಿದನು, ಆದರೆ ಎದ್ದು ನಡುಕಟ್ಟಿಕೊಂಡು ಚಪ್ಪಲಿ ಮೆಟ್ಟಿಕೊಳ್ಳಬೇಕಾದವನು ಪೇತ್ರನೇ. ಒಂದು ಬೀದಿ ದಾಟುವವರೆಗೆ ದೂತ ಜೊತೆಗೆ ನಡೆದನು. ಈ ಹಬ್ಬವನ್ನು 1608ರಲ್ಲಿ ಪೋಪ್ ಐದನೆಯ ಪೌಲರು ಧರ್ಮಸಭೆಯ ಪಂಚಾಂಗಕ್ಕೆ ಸೇರಿಸಿದರು, 1670ರಲ್ಲಿ ಪೋಪ್ ಹತ್ತನೆಯ ಕ್ಲೆಮೆಂಟರು ಅಕ್ಟೋಬರ್ 2ಕ್ಕೆ ನಿಗದಿಪಡಿಸಿದರು. ಇನ್ನು, ನನ್ನ ದೂತನ ಹೆಸರೇನು ಎಂದು ಕೇಳುವವರಿಗೆ ಒಂದು ಮಾತು: ಮಿಕಾಯೇಲ, ಗಬ್ರಿಯೇಲ, ರಫಾಯೇಲ ಎಂಬ ಮೂರು ಹೆಸರುಗಳ ಹೊರತು ಬೇರೆ ಹೆಸರಿಡುವುದನ್ನು ಧರ್ಮಸಭೆ ಒಪ್ಪುವುದಿಲ್ಲ. ಹೆಸರು ಹುಡುಕುತ್ತ ಕುಳಿತುಕೊಳ್ಳಬೇಡಿ.

ಕಾವಲುದೂತನಿಗೆ ಸಲ್ಲಿಸುವ ಪುಟ್ಟ ಪ್ರಾರ್ಥನೆಯಲ್ಲಿ ನಾವು ಕೇಳಿಕೊಳ್ಳುವುದು ನಾಲ್ಕೇ ಸಂಗತಿ: ಬೆಳಕು ತೋರಿಸು, ಕಾಪಾಡು, ಆಳು, ನಡೆಸು. ಇಂದು ರಾತ್ರಿ ಮಕ್ಕಳು ಮಲಗುವ ಮೊದಲು ಅದನ್ನು ಅವರ ಜೊತೆ ಕುಳಿತು ಹೇಳಿ, ಮೀನಿನ ಕಥೆಯನ್ನೂ ಹೇಳಿ.

ನಮಸ್ಕಾರ.